ಯರ್ರಿಯ ಎಡಗಾಲು

ಚಳ್ಳಕೆರೆಯ ಅಂಚಿನಲ್ಲಿ, ಎಣ್ಣೆ ಮಿಲ್ಲುಗಳ ಸಾಲು ಮುಗಿದು ಜಾಲಿಗಿಡಗಳು ಶುರುವಾಗುವ ಕಡೆ, ಹೆಂಚು ಹೊದಿಸಿದ ಉದ್ದನೆಯ ಕಟ್ಟಡವೊಂದಿತ್ತು. ಬೋರ್ಡಿನ ಮೇಲೆ ಏನು ಬರೆದಿತ್ತೋ, ಊರಿನವರ ಬಾಯಲ್ಲಿ ಅದು ಮಿಷನ್ ಮನೆ. ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಅಲ್ಲಿ ಸಾಕುತ್ತಿದ್ದರು. ಆ ಮಕ್ಕಳಿಗೆ ನೀರೆರೆದು, ಉಣಿಸಿ, ಮಲಗಿಸುವ ಆಯಾ ಹೊನ್ನಕ್ಕ.

ಹೊನ್ನಕ್ಕ ಕೊಂಡ್ಲಹಳ್ಳಿಯವಳು. ಗಂಡ ಪೆದ್ದಣ್ಣ ಬಾವಿ ತೋಡುತ್ತಿದ್ದ. ಮದುವೆಯಾದ ಆರನೇ ವರ್ಷ, ತೋಡುತ್ತಿದ್ದ ಬಾವಿಯೇ ಅವನ ಮೇಲೆ ಕುಸಿಯಿತು. ಮಕ್ಕಳಾಗಿರಲಿಲ್ಲ. ಮೈದುನ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯ ಅರ್ಥ ತಿಳಿಯದಷ್ಟು ದಡ್ಡಿಯಲ್ಲ ಅವಳು. ಎರಡು ಸೀರೆ ಗಂಟು ಕಟ್ಟಿಕೊಂಡು ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಕೇರುವ ಕೆಲಸಕ್ಕೆ ನಿಂತಳು. ಮಿಲ್ಲಿನ ಗದ್ದಲದಲ್ಲಿ ತನ್ನ ಒಂಟಿತನ ತನಗೇ ಕೇಳಿಸುತ್ತಿರಲಿಲ್ಲ. ಎಂಟು ವರ್ಷಕ್ಕೆ ಆ ಧೂಳು ಎದೆಗಿಳಿದು ಕೆಮ್ಮು ಹಿಡಿದಾಗ, ಮಿಷನ್ ಮನೆಯ ಅಡುಗೆಯವಳು ಕೊಟ್ರಮ್ಮ ಅವಳನ್ನು ಕರೆದುಕೊಂಡು ಹೋಗಿ ಪಾಲಯ್ನೋರ ಮುಂದೆ ನಿಲ್ಲಿಸಿದಳು.

ಪಾಲಯ್ನೋರು ಆ ಮನೆಯ ಪಾದ್ರಿ. ಅಪ್ಪ ಇಟ್ಟ ಹೆಸರು ಪಾಲಾಕ್ಷ. ಯೇಸುಸ್ವಾಮಿಯ ದಾರಿ ಹಿಡಿದಾಗ ಹೆಸರಿನ ಬಾಲ ಕತ್ತರಿಸಿ ಪಾಲ್ ಆದರು. "ಇದ್ದ ಹೆಸರಾಗೇ ಅರ್ಧ ಇಟ್ಕೊಂಡೀನಿ, ಹೊಸದೇನೂ ತಂದಿಲ್ಲ" ಎಂದು ತಾವೇ ನಗುತ್ತಿದ್ದರು. ಹೊನ್ನಕ್ಕನಿಗೆ ಅವರು ಮೊದಲ ದಿನವೇ ಒಂದು ನಿಯಮ ಹೇಳಿದರು. ಮಕ್ಕಳು ಆಯಾಗಳನ್ನು ಅಕ್ಕ ಅನ್ನಬೇಕು, ಅವ್ವ ಅನ್ನಬಾರದು. ನಾಳೆ ಯಾರೋ ಬಂದು ತಮ್ಮ ಮಗುವೆಂದು ಎತ್ತಿಕೊಂಡು ಹೋಗುವ ಮಕ್ಕಳು ಇವು. ಅವ್ವ ಅನ್ನುವ ಮಾತನ್ನು ಆ ಬರುವವರಿಗಾಗಿ ಎತ್ತಿಡಬೇಕು. ಹೊನ್ನಕ್ಕ ತಲೆಯಾಡಿಸಿದಳು. ಮೂರು ವರ್ಷ ಆ ನಿಯಮ ಅವಳಿಗೆ ಭಾರವೆನಿಸಲೇ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತೆರಡರ ಶ್ರಾವಣದಲ್ಲಿ ಮೊಳಕಾಲ್ಮೂರಿನಿಂದ ಬಂದ ಮಧ್ಯಾಹ್ನದ ಬಸ್ಸು ಚಳ್ಳಕೆರೆಯಲ್ಲಿ ಖಾಲಿಯಾಯಿತು. ಹಿಂದಿನ ಸೀಟಿನಲ್ಲಿ ಒಂದು ತರಕಾರಿ ಚೀಲ ಉಳಿದಿತ್ತು. ಯಾರೋ ಸೌತೆಕಾಯಿ ಮರೆತು ಹೋಗಿದ್ದಾರೆಂದು ಕಂಡಕ್ಟರ್ ಹನುಮಂತರಾಜು ಎತ್ತಿಕೊಳ್ಳಲು ಹೋದ. ಚೀಲ ಸೀನಿತು. ಪೊಲೀಸ್ ಠಾಣೆಯಲ್ಲಿ ಬರೆಸಿ, ಪೇದೆಯೊಬ್ಬನನ್ನು ಜೊತೆ ಮಾಡಿಕೊಂಡು, ಸಂಜೆಯ ಹೊತ್ತಿಗೆ ಅವನೇ ಮಿಷನ್ ಮನೆಗೆ ತಂದುಕೊಟ್ಟ.

"ತಗಾ ಅಕ್ಕ. ಟಿಕೆಟ್ ಇಲ್ದಂಗೆ ಮೊಳಕಾಲ್ಮೂರಿಂದ ಬಂದೈತೆ" ಎಂದ.

ಹತ್ತು ದಿನದ ಹೆಣ್ಣುಕೂಸು. ಅತ್ತು ಅತ್ತು ಕೆಮ್ಮಣ್ಣಿನ ಹೆಂಟೆಯ ಹಾಗೆ ಕೆಂಪಾಗಿತ್ತು. ಕೊಂಡ್ಲಹಳ್ಳಿಯ ಕಡೆ ಮನೆಯೊಳಗೆ ಕನ್ನಡ, ಜಗಲಿಯ ಮೇಲೆ ತೆಲುಗು. ಕೆಂಪು ಅನ್ನಲು ಹೊನ್ನಕ್ಕನ ಬಾಯಿಗೆ ಆ ಹೊತ್ತು ಬಂದದ್ದು ತೆಲುಗು. "ಏನಿದು, ಇಷ್ಟು ಎರ್ರಗೈತೆ! ಯರ್ರಿ, ನನ್ನ ಯರ್ರಿ" ಎಂದು ಎದೆಗೆ ಒತ್ತಿಕೊಂಡಳು. ರಿಜಿಸ್ಟರಿನಲ್ಲಿ ಪಾಲಯ್ನೋರು ಕರುಣಾ ಎಂದು ಬರೆದರು. ಆದರೆ ಕರುಣಾ ಎಂದು ಕರೆದರೆ ಆ ಕೂಸು ಯಾವತ್ತೂ ತಿರುಗಿ ನೋಡಲಿಲ್ಲ.

"ಯರ್ರಿ ಅಂದ್ರೆ ಹುಚ್ಚಿ ಅಂತಲೂ ಆಗ್ತೈತೆ ಕಣೇ" ಎಂದು ಕೊಟ್ರಮ್ಮ ಕಾಲೆಳೆದಳು.

"ಆಗ್ಲಿ ಬಿಡು. ಕೆಂಪಿ ಅವಳು, ಹುಚ್ಚಿ ನಾನು."

ಬಟ್ಟೆ ಬಿಚ್ಚಿದಾಗ ಕಾಲು ಕಂಡಿತು. ಎಡಪಾದ ಒಳಕ್ಕೆ ತಿರುಚಿಕೊಂಡು, ಅಂಗಾಲು ಇನ್ನೊಂದು ಕಾಲನ್ನು ನೋಡುತ್ತಿತ್ತು. ಚೀಲದೊಳಗೆ ಬಂದದ್ದು ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಚಿತ್ರದುರ್ಗದ ಡಾಕ್ಟರು ಎರಡು ಸಲ ಪಟ್ಟಿ ಹಾಕಿದರು. ಸ್ವಲ್ಪ ತಿರುಗಿತು, ಪೂರ್ತಿ ತಿರುಗಲಿಲ್ಲ. ಮುಂದೆ ದೊಡ್ಡ ಊರಲ್ಲಿ ಆಪರೇಷನ್ ಮಾಡಿಸಿದರೆ ಮಗು ಚೆನ್ನಾಗಿ ನಡೆಯುತ್ತದೆ ಎಂದರು. ಅಲ್ಲಿಯವರೆಗೆ ಹೊನ್ನಕ್ಕನ ಕೈಯೇ ಡಾಕ್ಟರು. ದಿನಾ ಬೆಳಿಗ್ಗೆ ಗೋಡೆಗೆ ಒರಗಿ ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ಆ ಪಾದವನ್ನು ಹಿಮ್ಮಡಿಯಿಂದ ಬೆರಳಿನವರೆಗೆ ನೀವುತ್ತಿದ್ದಳು. ಹೊರಕ್ಕೆ ತಿರುವಿ ಹಿಡಿದು ಇಪ್ಪತ್ತು ಎಣಿಸುವಳು. ಆಮೇಲೆ ಬಿಡುವಳು. ಪಾದ ಮತ್ತೆ ಒಳಕ್ಕೆ ಹೋಗುವುದು.

ಭಾನುವಾರದ ಪ್ರಾರ್ಥನೆಯಲ್ಲಿ ಪಾಲಯ್ನೋರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. ದೇವರ ಮನೆಯಲ್ಲಿ ಯಾರೂ ಹುಟ್ಟುಮಕ್ಕಳಲ್ಲ, ನಾವೆಲ್ಲ ಅವನು ದತ್ತು ತೆಗೆದುಕೊಂಡವರೇ. ಒಂದು ಮಗುವನ್ನು ಎತ್ತಿಕೊಳ್ಳುವವರು ದೇವರು ಮಾಡಿದ ಕೆಲಸವನ್ನೇ ಮಾಡುತ್ತಾರೆ. ಬಾಗಿಲ ಬಳಿ ಯರ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ ಹೊನ್ನಕ್ಕನಿಗೆ ಆ ಮಾತು ನಾಟಿತು. ಬಾವಿ ಕುಸಿದಂದಿನಿಂದ ಅವಳು ಯಾರ ಮನೆಯವಳೂ ಆಗಿರಲಿಲ್ಲ. ತಾನೂ ಆ ಮನೆ ಸೇರಿದರೆ ತಾನೂ ಯರ್ರಿಯೂ ಒಂದೇ ಮನೆಯವರಾಗುತ್ತೇವೆ, ಆಮೇಲೆ ಯಾರು ಬಿಡಿಸುತ್ತಾರೆ ಎಂದು ಲೆಕ್ಕ ಹಾಕಿದಳು. ತೊಂಬತ್ನಾಲ್ಕರ ಈಸ್ಟರ್ ಹಬ್ಬದ ದಿನ ಬೋರ್‌ವೆಲ್ಲಿನ ಸಿಮೆಂಟು ತೊಟ್ಟಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು.

"ಕುರಿ ನೀರು ಕುಡಿಯೋ ತೊಟ್ಟಿಯಾಗೆ ಮುಳುಗಿ ಎದ್ದೆಯಲ್ಲೇ!" ಎಂದು ಕೊಟ್ರಮ್ಮ ನಕ್ಕಳು.

"ಕುರುಬನಂಥ ದೇವರು, ಕುರಿ ತೊಟ್ಟಿ. ಸರಿಯಾಗೇ ಐತೆ" ಎಂದಳು ಹೊನ್ನಕ್ಕ ತಲೆ ಒರೆಸಿಕೊಳ್ಳುತ್ತಾ. ಲೆಕ್ಕ ಹಾಕಿ ಇಳಿದವಳೇ ಸರಿ, ಆದರೆ ನೀರಿನಿಂದ ಎದ್ದಾಗ ಅವಳು ಅತ್ತದ್ದು ಲೆಕ್ಕದ ಅಳುವಾಗಿರಲಿಲ್ಲ.

ಮಕ್ಕಳನ್ನು ನೋಡಲು ಜನ ಬರುತ್ತಿದ್ದರು. ಆ ವರ್ಷವೇ ಬಿ.ಜಿ. ಕೆರೆಯ ವ್ಯಾಪಾರಿ ಜಂಬುಲಿಂಗಪ್ಪ, ಹೆಂಡತಿ ಜಗದಾಂಬ ಬಂದರು. ಹದಿನೈದು ವರ್ಷದಿಂದ ಮಕ್ಕಳಿಲ್ಲದ ಮನೆ. ಜಗದಾಂಬ ಯರ್ರಿಯನ್ನು ಕಂಡವಳೇ ಎತ್ತಿಕೊಂಡಳು.

"ಎಷ್ಟು ಲಕ್ಷಣವಾಗೈತೆ ನೋಡ್ರಿ! ಮೂಗು ಥೇಟ್ ನಮ್ಮತ್ತೇರದೇ."

"ನಮ್ಮವ್ವನ ಮೂಗು ನಿಂಗೆ ಯಾವತ್ತು ಚೆಂದ ಕಂಡಿತ್ತೇ?" ಎಂದ ಜಂಬುಲಿಂಗಪ್ಪ. ಇಬ್ಬರೂ ನಕ್ಕರು. ಎದುರಿಗೆ ಕೂತಿದ್ದ ಪಾಲಯ್ನೋರೂ ನಕ್ಕರು.

ಹೊನ್ನಕ್ಕ ನಗಲಿಲ್ಲ. ಬಂದು ಯರ್ರಿಯ ಎಡಗಾಲಿನ ಕಾಲುಚೀಲ ಎಳೆದಳು. "ಮೊದ್ಲು ಇದನ್ನ ನೋಡ್ರಿ, ಆಮೇಲೆ ನಮ್ಮನ್ನ ಬೈಬ್ಯಾಡ್ರಿ. ಹುಟ್ಟಿದಾಗಿಂದ ಹಿಂಗೇ. ನಡೆಯಾಕೆ ಬರಂಗಿಲ್ಲ ಅಂದವ್ರೆ ಡಾಕ್ಟ್ರು."

ಡಾಕ್ಟರು ಹಾಗೆ ಅಂದಿರಲಿಲ್ಲ. ಪಾಲಯ್ನೋರು ತಲೆಯೆತ್ತಿ ನೋಡಿದರು. ಜಂಬುಲಿಂಗಪ್ಪ ಹೆಂಡತಿಯ ತೋಳು ಮುಟ್ಟಿ, "ಯೋಚ್ನೆ ಮಾಡಿ ಹೇಳ್ತೀವಿ" ಎಂದ. ಗೇಟು ದಾಟುವಾಗ ಜಗದಾಂಬ ಎರಡು ಸಲ ತಿರುಗಿ ನೋಡಿದಳು. ಆ ನೋಟ ಹೊನ್ನಕ್ಕನ ಕಣ್ಣಲ್ಲಿ ಬಹಳ ದಿನ ನಿಂತಿತ್ತು. ಆದರೂ ಅಂದು ಸಂಜೆ ಯರ್ರಿಗೆ ಬೆಲ್ಲದ ಚೂರು ತಿನ್ನಿಸಿದಳು. ಹಿರಿಯೂರಿನಿಂದ ಮೇಷ್ಟ್ರು ಗಂಡಹೆಂಡಿರು ಬಂದರು. ಅವರಿಗೂ ಮೊದಲು ಕಂಡದ್ದು ಕಾಲೇ. ಅಂದೂ ಬೆಲ್ಲ. ಎಲ್ಲರೂ ಬೇಡವೆಂದ ಮೇಲೆ ಕೂಸು ತನ್ನ ಪಾಲಿಗೇ ಉಳಿಯುತ್ತದೆ ಎಂದು ಅವಳು ನಂಬಿದ್ದಳು. ಅವ್ವ ಎಂಬ ಮಾತು ಎತ್ತಿಟ್ಟಲ್ಲೇ ಇತ್ತು. ಒಂದು ದಿನ ತೆಗೆದು ಯರ್ರಿಯ ಬಾಯಲ್ಲಿ ಇಡಬೇಕೆಂದು ಕಾದಿದ್ದಳು.

ತೊಂಬತ್ತೈದರ ಚಳಿಗಾಲದಲ್ಲಿ ಪಾಲಯ್ನೋರು ಒಂದು ಕಾಗದ ಹಿಡಿದುಕೊಂಡು ಅಡುಗೆಮನೆಗೇ ಬಂದರು.

"ಹೊನ್ನಕ್ಕ, ದೇವರು ಬಾಗ್ಲು ತೆಗೆದವ್ನೆ. ಸ್ವೀಡನ್ ದೇಶದ ಗಂಡಹೆಂಡ್ತಿ. ಕಾಲಿನ ವಿಷಯ ಎಲ್ಲಾ ಬರೆದಿದ್ದೆ, ಆದ್ರೂ ನಮ್ಮ ಕರುಣಾನೇ ಬೇಕು ಅಂತಾರೆ. ಅಲ್ಲೇ ಆಪರೇಷನ್ ಮಾಡಿಸ್ತಾರಂತೆ. ಅವರ ಸಭೆಯೋರೆಲ್ಲ ಅವಳ ಹೆಸರು ಹಿಡಿದು ಪ್ರಾರ್ಥನೆ ಮಾಡ್ತಾವ್ರಂತೆ."

"ಯಾವ ಹೆಸ್ರು?"

"ಕರುಣಾ ಅಂತ."

"ಹಂಗಾದ್ರೆ ಬೇರೆ ಯಾರಿಗೋ ಮಾಡ್ತಾವ್ರೆ ಬಿಡ್ರಿ" ಎಂದು ಹೊನ್ನಕ್ಕ ರಾಗಿ ಹಿಟ್ಟಿಗೆ ಕೈ ಹಾಕಿದಳು. ಆಮೇಲೆ ತಿರುಗಿ ಕೇಳಿದಳು. "ಇಲ್ಲಿಯೋರೇ ಬೇಡ ಅಂದ ಕೂಸು. ಅಷ್ಟು ದೂರದೋರಿಗೆ ಹೆಂಗೆ ಕೊಡ್ತಾರೆ?"

"ಇಲ್ಲಿಯೋರು ಬೇಡ ಅಂದಿದ್ದಕ್ಕೇ ಕೊಡಾಕಾಗೋದು ಹೊನ್ನಕ್ಕ. ನಮ್ಮ ದೇಶದೋರಿಗೆ ಮೊದ್ಲು ತೋರಿಸ್ಬೇಕು. ಅವ್ರು ನೋಡಿ ಒಪ್ಪಲಿಲ್ಲ ಅಂತ ಬರಕೊಟ್ಟ ಮೇಲೇ ಹೊರಗಿನೋರಿಗೆ ದಾರಿ."

ಹಿಟ್ಟು ಮೆತ್ತಿದ ಕೈ ಹಾಗೇ ನಿಂತಿತು. ಜಗದಾಂಬ ಒಪ್ಪಿದ್ದರೆ ಯರ್ರಿ ಬಿ.ಜಿ. ಕೆರೆಯಲ್ಲಿರುತ್ತಿದ್ದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿದರೆ ಬೀದಿಯ ತುದಿಯಿಂದಲಾದರೂ ಕಾಣಬಹುದಿತ್ತು. ಬೆಲ್ಲ ತಿನ್ನಿಸಿದ ಒಂದೊಂದು ದಿನವೂ ತಾನೇ ಕೂಸನ್ನು ಸಮುದ್ರದ ಕಡೆಗೆ ತಳ್ಳಿದ ದಿನವಾಗಿತ್ತು.

ಮೂರನೆಯ ದಿನ ಅವಳು ಪಾಲಯ್ನೋರ ಬಳಿ ಹೋಗಿ, "ನಾನೇ ತಗಂತೀನಿ. ನಂಗೇ ಬರಕೊಡ್ರಿ" ಎಂದಳು.

ಪಾಲಯ್ನೋರು ತಮಾಷೆ ಮಾಡಲಿಲ್ಲ. ಅವಳನ್ನು ದುರ್ಗಕ್ಕೆ, ವಕೀಲ ಸೋಮಶೇಖರಪ್ಪನವರ ಬಳಿಗೆ ಕರೆದುಕೊಂಡು ಹೋದರು. ವಕೀಲರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

"ವಿಧವೆ ದತ್ತು ತಗೋಬೌದಮ್ಮ, ಕಾನೂನು ಬೇಡ ಅನ್ನಲ್ಲ. ಆದ್ರೆ ಅದು ಹಿಂದೂ ಹೆಂಗಸಿಗೆ. ಕ್ರೈಸ್ತರಿಗೆ ನಮ್ಮ ದೇಶದಾಗೆ ದತ್ತಿನ ಕಾನೂನೇ ಇಲ್ಲ. ಬರೀ ಪಾಲಕರು ಅಂತ ಆಗ್ಬೌದು, ಹದಿನೆಂಟು ತುಂಬೋವರ್ಗೆ. ನೀನು ಆ ತೊಟ್ಟಿ ನೀರಿಗೆ ಇಳಿಯೋಕ್ಕಿಂತ ಮುಂಚೆ ಬಂದಿದ್ರೆ ಮಾತು ಬ್ಯಾರೆ ಇತ್ತು."

ಇದು ಪಾಲಯ್ನೋರಿಗೂ ಗೊತ್ತಿರಲಿಲ್ಲ.

"ಆ ಸ್ವೀಡನ್ನಿನೋರು? ಅವರೂ ನಮ್ಮ ಥರದೋರೇ ಅಲ್ವಾ?" ಎಂದಳು ಹೊನ್ನಕ್ಕ.

"ಅವರೂ ಇಲ್ಲಿಂದ ಪಾಲಕರು ಅಂತಲೇ ಒಯ್ತಾರೆ. ಅವರೂರಿಗೆ ಹೋಗಿ ಅಲ್ಲಿಯ ಕಾನೂನಿನಾಗೆ ಮಗಳು ಮಾಡ್ಕಂತಾರೆ."

"ಹಂಗಾದ್ರೆ ಇಲ್ಲಿ ಅವರಿಗೂ ನಂಗೂ ಒಂದೇ ಕಾಗ್ದ."

"ಕಾಗ್ದ ಒಂದೇ. ಅವರಿಗೆ ಮನೆ ಐತೆ, ಆಸ್ಪತ್ರೆ ಐತೆ. ನೀನಿರೋದು ಮಿಷನ್ ಮನೆ ಉಗ್ರಾಣದಾಗೆ. ಜಡ್ಜು ಯಾರಿಗೆ ಕೊಡ್ತಾರೆ, ನೀನೇ ಹೇಳವ್ವ."

ಹಿಂದಿರುಗುವ ಬಸ್ಸಿನಲ್ಲಿ ಪಾಲಯ್ನೋರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಹೊನ್ನಕ್ಕ ಕೇಳಿದಳು.

"ಅನಾಥರು ಅಂದ್ರೆ ಯಾರು ಅಯ್ನೋರೆ?"

"ಯಾರೂ ಇಲ್ಲದೋರು."

"ಯರ್ರಿಗೆ ನಾನಿಲ್ವಾ?"

ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ಅವಳು ಬಿಡಲಿಲ್ಲ.

"ಅನಾಥರು, ಮುಂಡೇರು, ಇಬ್ಬರನ್ನೂ ದೇವರು ಒಂದೇ ಉಸಿರಿನಾಗೆ ಹೇಳವ್ನೆ, ಇಬ್ಬರನ್ನೂ ನೋಡ್ಕಬೇಕು ಅಂತ ನೀವೇ ಅಂತೀರಿ. ಒಂದೇ ಉಸಿರಿನಾಗೆ ಇದ್ದೋರನ್ನ ನೀವ್ಯಾಕೆ ಬಿಡಿಸ್ತೀರಿ? ಒಬ್ಬರಿಗೆ ವಿಮಾನ, ಇನ್ನೊಬ್ಬರಿಗೆ ಉಗ್ರಾಣ."

ಚಳ್ಳಕೆರೆಯಲ್ಲಿ ಇಳಿದ ಮೇಲೆ ಪಾಲಯ್ನೋರು ನಿಂತು ಹೇಳಿದರು. "ಕೋರ್ಟಿಗೆ ಹೋಗೋ ಕಾಗ್ದಕ್ಕೆ ನಾನು ರುಜು ಹಾಕಬೇಕು. ನೀನು ಬ್ಯಾಡ ಅಂದ್ರೆ ಹಾಕಲ್ಲ. ಕೂಸು ಇಲ್ಲೇ ಬೆಳೀಲಿ. ಆದ್ರೆ ಕಾಲು ಹಿಂಗೇ ಇರ್ತೈತೆ, ಅದನ್ನ ನಾನು ಸರಿ ಮಾಡಿಸಲಾರೆ. ಅವ್ರು ಬರ್ತಾರೆ, ನೋಡು. ನೋಡಿ ಹೇಳು."

ಅವರು ಬಂದರು. ಹೆಂಗಸು ಮೇಷ್ಟ್ರು, ಹೆಸರು ಇಂಗ್ರಿಡ್. ಗಂಡ ಬಡಗಿ, ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದ.

"ಇಂಗ್ ರೆಡ್ಡಿಯಾ? ನಮ್ಮ ಕಡೆ ರೆಡ್ಡೇರೇನು?" ಎಂದು ಕೊಟ್ರಮ್ಮ ಪಿಸುಗುಟ್ಟಿದಳು. ಅಷ್ಟು ಸಂಕಟದಲ್ಲೂ ಹೊನ್ನಕ್ಕನಿಗೆ ನಗು ಬಂತು.

ಅವಳು ಎಲ್ಲರಿಗೂ ಮಾಡಿದ ಹಾಗೇ ಮಾಡಿದಳು. ಯರ್ರಿಯನ್ನು ತಂದು ಚಾಪೆಯ ಮೇಲೆ ಕೂರಿಸಿ, ಮಾತಿಗೆ ಮೊದಲು ಎಡಗಾಲಿನ ಕಾಲುಚೀಲ ಕಿತ್ತಳು. ಇಂಗ್ರಿಡ್ ಗಂಡನ ಕಡೆ ನೋಡಿದಳು. ಅವನು ಜೇಬಿನಿಂದ ಒಂದು ದಾರದುಂಡೆ ತೆಗೆದು ನೆಲದ ಮೇಲೆ ಕೂತ. ಬಾಗಿದ ಆ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಹಿಮ್ಮಡಿಯಿಂದ ಹೆಬ್ಬೆರಳಿಗೆ, ಹೆಬ್ಬೆರಳಿನಿಂದ ಹರಡಿಗೆ ದಾರ ಹಿಡಿದು ಅಳೆದು, ಅಲ್ಲಲ್ಲಿ ಗಂಟು ಹಾಕಿದ. ಬಲಗಾಲನ್ನೂ ಅಳೆದ. ಕಚಗುಳಿಗೆ ಯರ್ರಿ ಕಿಲಕಿಲ ನಕ್ಕಳು. ಪಾಲಯ್ನೋರು ತಿಳಿಸಿ ಹೇಳಿದರು. ಆಪರೇಷನ್ ಆಗುವವರೆಗೆ ಹಾಕಿಕೊಳ್ಳಲು ಜೋಡು ಬೇಕು, ಎರಡಕ್ಕೂ ಬೇರೆ ಬೇರೆ ಅಳತೆ, ಊರು ಮುಟ್ಟುವುದರೊಳಗೆ ತಯಾರಿರಬೇಕು.

ಆ ಕಾಲನ್ನು ನೋಡಿದವರೆಲ್ಲ ಎದ್ದು ಹೋಗಿದ್ದರು. ಅಳತೆ ತೆಗೆದುಕೊಂಡವನು ಇವನೊಬ್ಬ. ತಾನೋ ಅದನ್ನು ಜನರನ್ನು ಹೆದರಿಸಲು ಹೊಲದ ಬೆರ್ಚಪ್ಪನ ಹಾಗೆ ನಿಲ್ಲಿಸಿದ್ದಳು. ಹೊನ್ನಕ್ಕ ಹೊರಗೆ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಪಾಲಯ್ನೋರು ಹಿಂದೆಯೇ ಬಂದರು.

"ಜಗದಾಂಬಮ್ಮಂಗೆ ನಾನು ಸುಳ್ಳು ಹೇಳಿದ್ದೆ ಅಯ್ನೋರೆ. ಡಾಕ್ಟ್ರು ಹಂಗೆ ಅಂದಿರ್ಲಿಲ್ಲ."

"ಗೊತ್ತು. ಎದುರಿಗೇ ಕೂತಿದ್ನಲ್ಲ."

"ಮತ್ತೆ ಯಾಕೆ ಸುಮ್ಕಿದ್ರಿ?"

"ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

ಹೊನ್ನಕ್ಕ ಕಟ್ಟೆಯಿಂದ ಎದ್ದು, "ರುಜು ಹಾಕ್ರಿ" ಎಂದಳು.

ಕೋರ್ಟಿನ ಕೆಲಸ ಮುಗಿಯುವವರೆಗೆ ಇಂಗ್ರಿಡ್ ದಿನಾ ಬೆಳಿಗ್ಗೆ ಬಂದು ಹೊನ್ನಕ್ಕನ ಪಕ್ಕದಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತಳು. ಅವಳ ಕಾಲು ಉದ್ದ, ಯರ್ರಿ ಅದರ ಮೇಲೆ ಜಾರುತ್ತಿದ್ದಳು. ಹೊನ್ನಕ್ಕ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಎಣ್ಣೆ ನೀವುವುದನ್ನು, ಪಾದ ತಿರುವಿ ಹಿಡಿಯುವುದನ್ನು ಕಲಿಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಇಪ್ಪತ್ತನ್ನು ಹೊನ್ನಕ್ಕ ಕನ್ನಡದಲ್ಲಿ ಎಣಿಸಿದಳು, ಅವಳು ತನ್ನ ಭಾಷೆಯಲ್ಲಿ ಎಣಿಸಿದಳು. ಇಬ್ಬರೂ ಒಟ್ಟಿಗೇ ಮುಗಿಸಿದರು.

ಹೊರಡುವ ದಿನ ಕಾರು ಗೇಟಿನಲ್ಲಿ ನಿಂತಿತ್ತು. ಯರ್ರಿಗೆ ನಾಲ್ಕು ವರ್ಷ. ಹೊನ್ನಕ್ಕನ ಸೆರಗು ಹಿಡಿದುಕೊಂಡು, "ಅಕ್ಕಾ, ನೀನೂ ಬರ್ತೀಯಾ?" ಎಂದಳು. ಹೊನ್ನಕ್ಕ ಅವಳನ್ನು ಎತ್ತಿ ಇಂಗ್ರಿಡ್‌ಳ ಸೊಂಟದ ಮೇಲೆ ಕೂರಿಸಿದಳು. ನಾಲ್ಕು ವರ್ಷದಿಂದ ತನಗೆಂದು ಎತ್ತಿಟ್ಟಿದ್ದ ಮಾತನ್ನು ತೆಗೆದಳು.

"ಅವ್ವ ಅನ್ನು. ಇವರು ನಿನ್ನವ್ವ. ಅನ್ನು ಯರ್ರಿ."

ಯರ್ರಿ ಹೊನ್ನಕ್ಕನ ಮುಖವನ್ನೇ ನೋಡುತ್ತಾ, "ಅವ್ವ" ಎಂದಳು.

ಕಾರು ಹೋಯಿತು.

ಆಮೇಲಿನ ಹತ್ತು ವರ್ಷದಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಕ್ರಿಸ್ಮಸ್ ಹೊತ್ತಿಗೆ ಒಂದು ಕಾಗದ, ಒಂದು ಫೋಟೋ ಬರುತ್ತಿತ್ತು. ಮೊದಲ ಫೋಟೋದಲ್ಲಿ ಎತ್ತರ ತಗ್ಗಿನ ಜೋಡು. ಮೂರನೆಯದರಲ್ಲಿ ಎರಡೂ ಒಂದೇ ಅಳತೆ. ಮುಂದೊಂದು ವರ್ಷ ಯರ್ರಿ ಹಿಮದ ಮೇಲೆ ಓಡುತ್ತಿದ್ದಳು. ಹೊನ್ನಕ್ಕ ಪ್ರತಿ ಫೋಟೋದಲ್ಲೂ ಮೊದಲು ಕಾಲು ನೋಡುವಳು, ಆಮೇಲೆ ಮುಖ. ಕೊಟ್ರಮ್ಮ ತೀರಿಕೊಂಡಳು. ಮಕ್ಕಳು ಕಡಿಮೆಯಾಗುತ್ತಾ ಬಂದು, ಕೊನೆಗೆ ತೊಟ್ಟಿಲುಗಳನ್ನು ಒಂದರ ಮೇಲೊಂದು ಪೇರಿಸಿ ಉಗ್ರಾಣಕ್ಕೆ ತಂದರು. ಅವುಗಳ ಪಕ್ಕದಲ್ಲೇ ಹೊನ್ನಕ್ಕನ ಚಾಪೆ. ಬೆಳಿಗ್ಗೆ ಎದ್ದವಳು ಗೋಡೆಗೆ ಒರಗಿ ಕಾಲು ನೀಡಿ ಕೂರುವಳು. ಕೈಗೆ ಎಣ್ಣೆ ಹಚ್ಚಿಕೊಂಡು ತನ್ನ ಮೊಣಕಾಲು ತಾನೇ ತಿಕ್ಕಿಕೊಳ್ಳುವಳು. ಕೆಲವು ದಿನ ಸಂಜೆ ಬಸ್ ಸ್ಟ್ಯಾಂಡಿನವರೆಗೂ ನಡೆದು, ಮೊಳಕಾಲ್ಮೂರಿನ ಬಸ್ಸು ಖಾಲಿಯಾಗುವವರೆಗೆ ನಿಂತು, ಹಿಂದಿನ ಸೀಟು ನೋಡಿಕೊಂಡು ಬರುವಳು.

ಎರಡು ಸಾವಿರದ ಆರರಲ್ಲಿ ಪಾಲಯ್ನೋರು ಉಗ್ರಾಣದ ಬಾಗಿಲಿಗೆ ಬಂದರು. ಅವರಿಗೂ ಕೋಲು ಬಂದಿತ್ತು.

"ಸೋಮಶೇಖರಪ್ಪನೋರು ಸಿಕ್ಕಿದ್ರು. ಈಗ ಯಾವ ಮತದೋರಾದ್ರೂ ದತ್ತು ತಗೋಬೌದಂತೆ. ಹೊಸ ಕಾನೂನು ಬಂದೈತಂತೆ."

"ಒಳ್ಳೇದಾಯ್ತು" ಎಂದಳು ಹೊನ್ನಕ್ಕ. "ಕಾಗ್ದ ಬಂತಾ?"

ಬಂದಿತ್ತು. ಇಂಗ್ರಿಡ್ ಬರೆದದ್ದನ್ನು ಪಾಲಯ್ನೋರು ಓದಿ ಕನ್ನಡದಲ್ಲಿ ಹೇಳಿದರು. ಕರುಣಾಗೆ ಈಗ ಹದಿನಾಲ್ಕು. ಕನ್ನಡ ಪೂರ್ತಿ ಮರೆತಿದ್ದಾಳೆ, ಚಳ್ಳಕೆರೆಯ ನೆನಪು ಏನೂ ಇಲ್ಲ ಅನ್ನುತ್ತಾಳೆ. ಮನೆಗೊಂದು ಕೆಂಚು ಬೆಕ್ಕಿನ ಮರಿ ತಂದೆವು. ಅದಕ್ಕೆ ಅವಳು ಯರ್ರಿ ಎಂದು ಹೆಸರಿಟ್ಟಿದ್ದಾಳೆ. ಎಲ್ಲಿಂದ ಬಂತು ಈ ಹೆಸರು ಎಂದರೆ, ಸುಮ್ಮನೆ ಬಾಯಿಗೆ ಬಂತು ಅನ್ನುತ್ತಾಳೆ. ನನಗೂ ಅಲ್ಲಿ ಎಲ್ಲೋ ಕೇಳಿದ ಹಾಗಿದೆ, ಇದು ನಿಮ್ಮ ಕಡೆಯ ಮಾತೇ? ಏನು ಅರ್ಥ?

ಹೊನ್ನಕ್ಕ ಬಹಳ ಹೊತ್ತು ಫೋಟೋ ಹಿಡಿದುಕೊಂಡು ಕೂತಳು. ಈ ಸಲ ಕಾಲು ನೋಡಲು ಮರೆತಳು.

"ಏನಂತ ಬರೀಲಿ ಹೊನ್ನಕ್ಕ? ಅದು ಅವಳದೇ ಹೆಸರು, ನೀನಿಟ್ಟಿದ್ದು ಅಂತ ಬರೀತೀನಿ."

"ಬ್ಯಾಡ. ಮರೆತ ಕೂಸಿಗೆ ಯಾಕೆ ಭಾರ. ಕೆಂಪು ಅಂತ ಬರೀರಿ ಸಾಕು." ತಿರುಗಿ ಹೊರಟವರನ್ನು ತಡೆದು ಮತ್ತೆ ಹೇಳಿದಳು. "ಇನ್ನೊಂದು ಕೇಳ್ರಿ ಅಯ್ನೋರೆ. ಹಂಗಂತ ಕರೆದ್ರೆ ಆ ಬೆಕ್ಕು ತಿರುಗಿ ನೋಡ್ತೈತಾ ಅಂತ."